ಎಲ್ಲಿಗೆ ಹೊರಟ್ರಿ? ಜರ್ಮನ್‌ನಲ್ಲಿ ಹೋಗುವ, ಬರುವ ಮಾತು

(ಜರ್ಮನಿಗೆ ಹೊರಡುವ ತಯಾರಿಯಲ್ಲಿರುವ ಕನ್ನಡಿಗರ ಮುಂದೆ ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸ. ಬರೆಯುವಾಗ ಸ್ವಲ್ಪ ಓರಣ ಮಾಡಿದ್ದೇನೆ, ಮಾತಿನ ಧಾಟಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಓದಲು ಹೊರಟವರಿದ್ದೀರಿ, ನರ್ಸ್ ಕೆಲಸಕ್ಕೆ ಹೊರಟವರಿದ್ದೀರಿ, ಗಂಡನ ಅಥವಾ ಹೆಂಡತಿಯ ಜೊತೆ ಇರಲು ಎ1 ಪರೀಕ್ಷೆ ಕಟ್ಟಿದವರೂ ಇದ್ದೀರಿ. ನಿಮ್ಮ ಕೆಲಸ, ವಯಸ್ಸು ಬೇರೆ ಬೇರೆ. ಆದರೆ ಅಲ್ಲಿಗೆ ಹೋದ ಮೊದಲ ವಾರದಲ್ಲಿ ಎಲ್ಲರಿಗೂ ಬೇಕಾಗುವ ಮಾತು ಒಂದೇ. ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು, ಎಲ್ಲಿ ಇಳಿಯಬೇಕು. ಹೊಸ ಮನೆ ಸೇರಿದ 2 ವಾರದೊಳಗೆ ಸರ್ಕಾರಿ ಕಚೇರಿಯಲ್ಲಿ ವಿಳಾಸ ಬರೆಸಬೇಕು, ಅದು ಅಲ್ಲಿನ ಕಾನೂನು. ಆಮೇಲೆ ಬ್ಯಾಂಕು, ಡಾಕ್ಟರು, ತರಕಾರಿ ಅಂಗಡಿ. ಹವಾಮಾನದ ಬಗ್ಗೆ ಮಾತಾಡುವುದನ್ನು ನಿಧಾನವಾಗಿ ಕಲಿತರೂ ನಡೆಯುತ್ತದೆ. ಹೋಗುವ ಮಾತು ಮಾತ್ರ ಮೊದಲ ದಿನದಿಂದಲೇ ಬೇಕು.

ನಾನು ಈ ಭಾಷೆ ಕಲಿಸುವವನು. ಇವತ್ತು ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಈ ವಿಷಯವನ್ನು ಇಂಗ್ಲಿಷ್ ಮೂಲಕ ಕಲಿಯಬೇಡಿ, ಕನ್ನಡದ ಮೂಲಕ ಕಲಿಯಿರಿ. ನಮ್ಮ ಪುಸ್ತಕ, ಆ್ಯಪ್, ವಿಡಿಯೋ ಎಲ್ಲವೂ ಇಂಗ್ಲಿಷಿನಲ್ಲಿ ಇರುವುದರಿಂದ ನಾವು ಮೊದಲು ತಲೆಯಲ್ಲಿ ಇಂಗ್ಲಿಷ್ ವಾಕ್ಯ ಕಟ್ಟುತ್ತೇವೆ, ಅದನ್ನು ಜರ್ಮನ್‌ಗೆ ತಿರುಗಿಸುತ್ತೇವೆ. ಅಲ್ಲೇ ಎಡವುತ್ತೇವೆ. ಹೋಗುವ, ಬರುವ ವಿಷಯದಲ್ಲಿ ಜರ್ಮನ್ ಇರುವುದು ಕನ್ನಡದ ಪಕ್ಕದಲ್ಲಿ. ಹೇಗೆ ಅಂತ ತೋರಿಸುತ್ತೇನೆ.

ಮೊದಲು ಉಚ್ಚಾರದ ಬಗ್ಗೆ ಒಂದು ಮಾತು. ಜರ್ಮನ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. "ನಾನು" ಅನ್ನುವುದಕ್ಕೆ ಇಶ್ ಅಂತ ಬರೆದಿದ್ದೇನೆ, ಆದರೆ ಆ ಕೊನೆಯ ಸದ್ದು ನಮ್ಮ ಶ್ ಅಲ್ಲ. ಶ ಮತ್ತು ಹ ನಡುವೆ, ನಾಲಗೆ ಮೇಲಕ್ಕೆತ್ತಿ ಉಸಿರು ಬಿಡುವ ಸದ್ದು. ನಾಖ್ ಅನ್ನುವಲ್ಲಿ ಬರುವ ಖ್ ಗಂಟಲಿನಿಂದ ಬರುತ್ತದೆ. ಜರ್ಮನ್ನರು ಮಾತಾಡುವುದನ್ನು ಕೇಳಿ, ಸರಿ ಮಾಡಿಕೊಳ್ಳಿ.

ಮೂರು ಪ್ರಶ್ನೆಗಳಿಂದ ಶುರು ಮಾಡೋಣ. ಎಲ್ಲಿ, ಎಲ್ಲಿಗೆ, ಎಲ್ಲಿಂದ. ಜರ್ಮನ್‌ನಲ್ಲಿ ವೋ, ವೋಹಿನ್, ವೋಹೇರ್. ಇಂಗ್ಲಿಷಿನಲ್ಲಿ ನೀವು ಇರುವ ಜಾಗ ಕೇಳುವುದಕ್ಕೂ ಹೋಗುವ ಜಾಗ ಕೇಳುವುದಕ್ಕೂ ಒಂದೇ ಪದ ಸಾಕು. ಅದಕ್ಕೇ ಇಂಗ್ಲಿಷ್ ಮಾತಾಡುವ ವಿದ್ಯಾರ್ಥಿಗೆ ವೋ ಮತ್ತು ವೋಹಿನ್ ನಡುವಿನ ವ್ಯತ್ಯಾಸ ಹೊಸ ಪಾಠ. ನಮಗೆ ಪಾಠವೇ ಬೇಡ. "ಎಲ್ಲಿ ಹೋಗ್ತೀಯ" ಅಂತ ಆತುರದಲ್ಲಿ ಅಂದರೂ, "ಎಲ್ಲಿಗೆ" ಅನ್ನುವುದು ಬೇರೆ ಅಂತ ಪುಟ್ಟ ಮಗುವಿಗೂ ಗೊತ್ತು.

ವೋ ಬಿಸ್ಟ್ ಡು? ಎಲ್ಲಿದ್ದೀಯ? ವೋಹಿನ್ ಗೇಸ್ಟ್ ಡು? ಎಲ್ಲಿಗೆ ಹೋಗ್ತೀಯ? ವೋಹೇರ್ ಕೊಮ್ಸ್ಟ್ ಡು? ಎಲ್ಲಿಂದ ಬಂದೆ, ಅಥವಾ ಯಾವ ಊರಿನವನು? ನೀನು, ನೀವು ಭೇದವೂ ಅಲ್ಲಿದೆ. ಡು ಅಂದರೆ ನೀನು, ಜ಼ೀ ಅಂದರೆ ನೀವು. ಅಪರಿಚಿತರನ್ನು, ಕಚೇರಿಯಲ್ಲಿ ಕೂತವರನ್ನು, ಡಾಕ್ಟರನ್ನು ಮಾತಾಡಿಸುವಾಗ ಜ಼ೀ. ವೋಹೇರ್ ಕೊಮ್ಮೆನ್ ಜ಼ೀ? ಇದನ್ನೂ ನಮಗೆ ಯಾರೂ ವಿವರಿಸಬೇಕಿಲ್ಲ, ಅಲ್ವಾ?

ಮಾತಿನಲ್ಲಿ ವೋಹಿನ್ ಅನ್ನು ಒಡೆದು ಹೇಳುವುದೇ ಜಾಸ್ತಿ. ವೋ ಗೇಸ್ಟ್ ಡು ಹಿನ್? ವೋ ಕೊಮ್ಸ್ಟ್ ಡು ಹೇರ್? ಹಿನ್ ಅಂದರೆ ಇಲ್ಲಿಂದ ಆಚೆಗೆ, ಹೇರ್ ಅಂದರೆ ನನ್ನ ಕಡೆಗೆ. ಕೊಮ್ ಹೇರ್ ಅಂದರೆ "ಈ ಕಡೆ ಬಾ". ಟಿಕೆಟ್ ಕೊಳ್ಳುವಾಗಲೂ ಇದು ಬರುತ್ತದೆ. ಹಿನ್ ಉಂಟ್ ತ್ಸುರ್ಯುಕ್ ಅಂದರೆ ಹೋಗಿ ಬರುವ ಟಿಕೆಟ್, ಐನ್‌ಫಾಖ್ ಅಂದರೆ ಹೋಗುವುದಕ್ಕೆ ಮಾತ್ರ.

ಈಗ ಸ್ವಲ್ಪ ಒಳಗೆ ಹೋಗೋಣ. ಜರ್ಮನ್ ವ್ಯಾಕರಣದಲ್ಲಿ ಎಲ್ಲರೂ ಹೆದರುವ ಒಂದು ಜಾಗ ಇದೆ. ಇನ್ ಡೇರ್ ಶ್ಟಾಟ್, ಇನ್ ಡೀ ಶ್ಟಾಟ್. ಶ್ಟಾಟ್ ಅಂದರೆ ಪೇಟೆ, ನಗರ. ಇನ್ ಅನ್ನುವ ಪದ ಅದೇ. ನಡುವಿನ ಡೇರ್, ಡೀ ಮಾತ್ರ ಬದಲಾಗಿದೆ. ಇಶ್ ಬಿನ್ ಇನ್ ಡೇರ್ ಶ್ಟಾಟ್, ನಾನು ಪೇಟೆಯಲ್ಲಿ ಇದ್ದೇನೆ. ಇಶ್ ಗೇಯೆ ಇನ್ ಡೀ ಶ್ಟಾಟ್, ನಾನು ಪೇಟೆಗೆ ಹೋಗುತ್ತೇನೆ. ಪುಸ್ತಕಗಳು ಇದಕ್ಕೆ ಡಾಟಿವ್, ಆಕ್ಯುಸಾಟಿವ್ ಅಂತ ಹೆಸರಿಟ್ಟು ಕೋಷ್ಟಕ ಕೊಡುತ್ತವೆ. ಕೋಷ್ಟಕ ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಬಾಯಿ ತೆರೆಯುವ ಮುಂಚೆ ಕನ್ನಡದಲ್ಲಿ ಒಂದು ಸಲ ಅಂದುಕೊಳ್ಳಿ. ಬಾಯಲ್ಲಿ "ಅಲ್ಲಿ" ಬಂತಾ, "ಗೆ" ಬಂತಾ? ಶ್ಟಾಟ್ ಹೆಣ್ಣು ಪದ, ಆದ್ದರಿಂದ "ಅಲ್ಲಿ" ಬಂದರೆ ಡೇರ್, "ಗೆ" ಬಂದರೆ ಡೀ. ಪಾರ್ಕ್ ಗಂಡು ಪದ, ಆದ್ದರಿಂದ "ಪಾರ್ಕ್‌ನಲ್ಲಿ" ಅನ್ನುವುದಕ್ಕೆ ಇಮ್ ಪಾರ್ಕ್, "ಪಾರ್ಕ್‌ಗೆ" ಅನ್ನುವುದಕ್ಕೆ ಇನ್ ಡೇನ್ ಪಾರ್ಕ್. ಕೀನೋ, ಅಂದರೆ ಸಿನಿಮಾ ಥಿಯೇಟರ್, ನಪುಂಸಕ. ಇಮ್ ಕೀನೋ, ಇನ್ಸ್ ಕೀನೋ.

ಕಷ್ಟ ಇರುವುದು ಪದದ ಲಿಂಗದಲ್ಲಿ. ನಮ್ಮಲ್ಲಿ ಮೇಜು, ಪೇಟೆ, ಪಾರ್ಕ್ ಎಲ್ಲವೂ "ಅದು". ಅಲ್ಲಿ ಒಂದೊಂದಕ್ಕೆ ಒಂದೊಂದು. ಇಲ್ಲಿ ಕನ್ನಡ ಸಹಾಯ ಮಾಡುವುದಿಲ್ಲ. ಗಂಡು ಪದಕ್ಕೆ ಡೇರ್, ಹೆಣ್ಣು ಪದಕ್ಕೆ ಡೀ, ನಪುಂಸಕಕ್ಕೆ ಡಾಸ್ ಅನ್ನುವುದು ಮೂಲ ರೂಪ, ಪ್ರತಿ ಪದವನ್ನೂ ಅದರ ಜೊತೆಗೇ ಬಾಯಿಪಾಠ ಮಾಡಬೇಕು, ಬೇರೆ ದಾರಿಯಿಲ್ಲ.

ಇನ್ನು ಹೋಗುವ ಕ್ರಿಯಾಪದ. ಕನ್ನಡದಲ್ಲಿ ನಡೆದು ಹೋದರೂ ಹೋಗುತ್ತೇನೆ, ಬಸ್ಸಿನಲ್ಲಿ ಹೋದರೂ ಹೋಗುತ್ತೇನೆ, ವಿಮಾನದಲ್ಲೂ ಹೋಗುತ್ತೇನೆ. ಜರ್ಮನ್ ಹೇಗೆ ಹೋಗುತ್ತೀರಿ ಅಂತ ಕ್ರಿಯಾಪದದಲ್ಲೇ ಕೇಳುತ್ತದೆ. ಕಾಲ್ನಡಿಗೆಯಾದರೆ ಗೇಯೆನ್. ಚಕ್ರದ ಮೇಲೆ, ಹಳಿಯ ಮೇಲೆ ಹೋದರೆ ಫಾರೆನ್. ಕಾರು, ಬಸ್ಸು, ರೈಲು, ಸೈಕಲ್, ಹಡಗು ಎಲ್ಲವೂ ಫಾರೆನ್. ವಿಮಾನಕ್ಕೆ ಫ್ಲೀಗೆನ್. ಇಶ್ ಫಾರೆ ನಾಖ್ ಕೋಲ್ನ್, ನಾನು ಕೋಲೋನ್‌ಗೆ ರೈಲಿನಲ್ಲೋ ಕಾರಿನಲ್ಲೋ ಹೋಗುತ್ತೇನೆ. ಇಶ್ ಫ್ಲೀಗೆ ನಾಖ್ ಇಂಡಿಯೆನ್, ಭಾರತಕ್ಕೆ ಹೋಗುತ್ತೇನೆ.

ನಮ್ಮವರು ಜಾಸ್ತಿ ಹೇಳುವ ವಾಕ್ಯ ಇಶ್ ಗೇಯೆ ನಾಖ್ ಇಂಡಿಯೆನ್. ಈ ವಾಕ್ಯ ತಪ್ಪಲ್ಲ, ಆದರೆ ಅರ್ಥ ಬೇರೆ. ಒಂದು ಊರು ಬಿಟ್ಟು ಇನ್ನೊಂದು ಊರಿನಲ್ಲಿ ನೆಲೆಸಲು ಹೋಗುವಾಗ ಗೇಯೆನ್ ಬಳಸುತ್ತಾರೆ. ನೀವು ರಜೆಗೆ ಊರಿಗೆ ಹೊರಟಿದ್ದೀರಿ, ಜೊತೆ ಕೆಲಸ ಮಾಡುವವರು ಕೆಲಸ ಬಿಟ್ಟು ಹೋಗುತ್ತಿದ್ದೀರಿ ಅಂದುಕೊಳ್ಳಬಹುದು. ಈಗ ನೀವೆಲ್ಲ ಜರ್ಮನಿಗೆ ಹೊರಟಿರುವುದಕ್ಕೆ ಮಾತ್ರ ಅದು ಸರಿಯಾದ ಪದ. ಇಶ್ ಗೇಯೆ ನಾಖ್ ಡಾಯ್ಚ್‌ಲಾಂಟ್.

ಹವ್ಯಾಸಗಳಿಗೆ ಗೇಯೆನ್ ಸುಲಭವಾಗಿ ಸೇರುತ್ತದೆ. ಐನ್‌ಕೌಫೆನ್ ಗೇಯೆನ್, ಸಾಮಾನು ತರಲು ಹೋಗುವುದು. ಶ್ಪಾತ್ಸೀರೆನ್ ಗೇಯೆನ್, ಸುಮ್ನೆ ಅಡ್ಡಾಡಲು ಹೋಗುವುದು. ಜರ್ಮನ್ನರಿಗೆ ಭಾನುವಾರದ ಅಡ್ಡಾಟ ಬಹಳ ಇಷ್ಟ. ಭಾನುವಾರ ಅಲ್ಲಿ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಆದ್ದರಿಂದ ಐನ್‌ಕೌಫೆನ್ ಶನಿವಾರವೇ ಮುಗಿಸಿಕೊಳ್ಳಿ.

ಈಗ ನಾನು ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬಂದೆ. ನಮ್ಮ "ಗೆ" ಒಂದೇ ಪ್ರತ್ಯಯ ಎಲ್ಲ ಕೆಲಸ ಮಾಡುತ್ತದೆ. ಊರಿಗೆ, ಮನೆಗೆ, ಅಂಗಡಿಗೆ. ಜರ್ಮನ್‌ನಲ್ಲಿ ಆ ಕೆಲಸವನ್ನು ನಾಖ್, ಇನ್, ತ್ಸು, ಆನ್, ಔಫ್ ಹಂಚಿಕೊಂಡಿವೆ. ಹೋಗುವ ಜಾಗ ಎಂಥದ್ದು ಅನ್ನುವುದರ ಮೇಲೆ ಅದು ನಿಂತಿದೆ.

ಊರಿನ ಹೆಸರು, ದೇಶದ ಹೆಸರು ಬಂದರೆ ನಾಖ್. ನಾಖ್ ಬೆರ್ಲೀನ್, ನಾಖ್ ಮೈಸೂರು, ನಾಖ್ ಇಂಡಿಯೆನ್. ಕೆಲವು ದೇಶಗಳ ಹೆಸರಿಗೆ ಮೊದಲು ಡೀ ಅಥವಾ ಡೇರ್ ಅಂಟಿಕೊಂಡಿರುತ್ತದೆ. ಅವಕ್ಕೆ ನಾಖ್ ಬರುವುದಿಲ್ಲ, ಇನ್ ಬರುತ್ತದೆ. ಸ್ವಿಟ್ಜರ್ಲೆಂಡಿಗೆ ಇನ್ ಡೀ ಶ್ವೈತ್ಸ್. ಟರ್ಕಿಗೆ ಇನ್ ಡೀ ಟ್ಯುರ್ಕೈ. ಅಮೆರಿಕಕ್ಕೆ ಇನ್ ಡೀ ಊ ಎಸ್ ಆ. ಇಂಥವು ಕೈಬೆರಳೆಣಿಕೆಯಷ್ಟು, ಒಂದು ಸಂಜೆಯಲ್ಲಿ ಬಾಯಿಗೆ ಬರುತ್ತವೆ.

ಮನೆಗೆ ಬೇರೆಯದೇ ನಿಯಮ. ನಾಖ್ ಹೌಸೆ ಅಂದರೆ ಮನೆಗೆ, ತ್ಸು ಹೌಸೆ ಅಂದರೆ ಮನೆಯಲ್ಲಿ. ಇದನ್ನು ಅದಲುಬದಲು ಮಾಡುವವರೇ ಎಲ್ಲ. ಯಾಕೆ ಹೀಗೆ ಅಂತ ಕೇಳದೆ ಎರಡು ಪೂರ್ತಿ ವಾಕ್ಯ ಕಲಿತುಬಿಡಿ. ಇಶ್ ಗೇಯೆ ನಾಖ್ ಹೌಸೆ. ಇಶ್ ಬಿನ್ ತ್ಸು ಹೌಸೆ. ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಹೋಗುವವರಿಗೆ ಇನ್ನೂ ಸುಲಭ. ದಕ್ಷಿಣದಲ್ಲಿ ಜನ ಹೈಮ್ ಅನ್ನುತ್ತಾರೆ. ಇಶ್ ಗೇ ಹೈಮ್, ಮನೆಗೆ ಹೋಗ್ತೀನಿ. ಇಶ್ ಬಿನ್ ಡಾಹೈಮ್, ಮನೇಲಿದ್ದೀನಿ.

ಮನುಷ್ಯರ ಬಳಿ ಹೋಗುವಾಗ ತ್ಸು. ಇಲ್ಲಿ ಕನ್ನಡ ಮತ್ತೆ ಕೈ ಹಿಡಿಯುತ್ತದೆ. ನಾವು "ಡಾಕ್ಟರಿಗೆ ಹೋದೆ" ಅನ್ನುವುದಿಲ್ಲ. "ಡಾಕ್ಟರ ಹತ್ತಿರ ಹೋದೆ" ಅನ್ನುತ್ತೇವೆ. "ಅಜ್ಜಿಗೆ ಹೋದೆ" ಅನ್ನುವುದಿಲ್ಲ, "ಅಜ್ಜಿ ಹತ್ತಿರ ಹೋದೆ" ಅನ್ನುತ್ತೇವೆ. ಆ "ಹತ್ತಿರ" ಬರುವಲ್ಲೆಲ್ಲ ತ್ಸು ಹಾಕಿ. ತ್ಸುಮ್ ಆರ್ತ್ಸ್ಟ್, ಡಾಕ್ಟರ ಹತ್ತಿರ. ತ್ಸು ಮೈನರ್ ಓಮಾ, ನಮ್ಮಜ್ಜಿ ಹತ್ತಿರ. ಬ್ರೆಡ್ ಅಂಗಡಿಗೆ ಹೋಗುವುದನ್ನೂ ಅವರು ಬೇಕರಿಯವರ ಹತ್ತಿರ ಹೋಗುವುದು ಅಂತಲೇ ಹೇಳುತ್ತಾರೆ, ತ್ಸುಮ್ ಬೆಕ್ಕರ್. ಹೋಗಿ ಅಲ್ಲೇ ಇದ್ದರೆ ತ್ಸು ಜಾಗದಲ್ಲಿ ಬೈ ಬರುತ್ತದೆ. ಇಶ್ ಬಿನ್ ಬೈಮ್ ಆರ್ತ್ಸ್ಟ್, ಡಾಕ್ಟರ ಹತ್ತಿರ ಇದ್ದೇನೆ. ನರ್ಸ್ ಕೆಲಸಕ್ಕೆ ಹೊರಟವರು ಇದನ್ನು ದಿನಾ ಕೇಳುತ್ತೀರಿ.

ಕಟ್ಟಡಗಳಿಗೂ ತ್ಸು ಬರುತ್ತದೆ, ಆ ಜಾಗದವರೆಗೆ ಹೋಗುವುದಷ್ಟೇ ಮುಖ್ಯವಾದಾಗ. ತ್ಸುಮ್ ಬಾನ್‌ಹೋಫ್, ಸ್ಟೇಷನ್ನಿಗೆ. ತ್ಸೂರ್ ಪೋಸ್ಟ್, ಅಂಚೆ ಕಚೇರಿಗೆ. ತ್ಸುಮ್ ಬ್ಯುರ್ಗರ್‌ಆಮ್ಟ್, ಆಗಲೇ ಹೇಳಿದ ವಿಳಾಸ ಬರೆಸುವ ಕಚೇರಿಗೆ. ಯಾವ ಪದ ಅಂತ ಗೊತ್ತಾಗದೆ ತಡವರಿಸಿದರೆ ತ್ಸು ಹಾಕಿ ಮುಂದೆ ಹೋಗಿ. ಊರು, ದೇಶ, ಮನೆ ಬಿಟ್ಟರೆ ಹೆಚ್ಚಿನ ಕಡೆ ಅದು ಅರ್ಥ ಕೊಡುತ್ತದೆ. ನೀರಿನ ಪಕ್ಕಕ್ಕೆ ಹೋಗುವುದಾದರೆ ಆನ್, ಆನ್ಸ್ ಮೇರ್ ಅಂದರೆ ಸಮುದ್ರಕ್ಕೆ. ಔಫ್ ಬರುವುದು ಮಾರ್ಕೆಟ್ಟು, ಪಾರ್ಟಿ, ಶೌಚಾಲಯ ಇಂಥ ಕೆಲವಕ್ಕೆ. ಅವನ್ನು ಎದುರಾದ ಹಾಗೆ ಕಲಿತರೆ ಸಾಕು.

ಇನ್ನು ವಾಕ್ಯದ ಓಟ. ನನಗೆ ಬಹಳ ಖುಷಿ ಕೊಡುವ ಭಾಗ ಇದು. ಈ ವಾಕ್ಯ ಕೇಳಿ. ಇಶ್ ಫಾರೆ ಮೋರ್ಗೆನ್ ಮಿಟ್ ಡೇಮ್ ತ್ಸೂಕ್ ನಾಖ್ ಬೆರ್ಲೀನ್. ಮೋರ್ಗೆನ್ ಅಂದರೆ ನಾಳೆ, ಮಿಟ್ ಡೇಮ್ ತ್ಸೂಕ್ ಅಂದರೆ ರೈಲಿನಲ್ಲಿ, ನಾಖ್ ಬೆರ್ಲೀನ್ ಅಂದರೆ ಬರ್ಲಿನ್‌ಗೆ. ನಾಳೆ, ರೈಲಿನಲ್ಲಿ, ಬರ್ಲಿನ್‌ಗೆ. ಯಾವಾಗ, ಹೇಗೆ, ಎಲ್ಲಿಗೆ. ಕನ್ನಡದಲ್ಲಿ ನಾವು ಸಹಜವಾಗಿ ಹೇಳುವುದೂ ಇದೇ ಕ್ರಮದಲ್ಲಿ. "ನಾನು ನಾಳೆ ರೈಲಿನಲ್ಲಿ ಬರ್ಲಿನ್‌ಗೆ ಹೋಗ್ತೀನಿ." ಇಂಗ್ಲಿಷಿನಲ್ಲಿ ಇದು ಪೂರ್ತಿ ತಿರುಗಾಮುರುಗಾ. ಮೊದಲು ಬರ್ಲಿನ್, ಆಮೇಲೆ ರೈಲು, ಕೊನೆಗೆ ನಾಳೆ. ಇಂಗ್ಲಿಷಿನಿಂದ ತಿರುಗಿಸುವವರು ಮೂರನ್ನೂ ಹಿಂದುಮುಂದು ಮಾಡಬೇಕು. ನೀವು ಕ್ರಿಯಾಪದ ಒಂದನ್ನು ಎತ್ತಿ ಎರಡನೇ ಜಾಗದಲ್ಲಿ ಇಟ್ಟರೆ ಸಾಕು.

ಕೆಲವು ಕಡೆ ಅದನ್ನೂ ಎತ್ತಿಡಬೇಕಿಲ್ಲ. "ಯಾಕೆಂದರೆ" ಅಂತ ಶುರುವಾಗುವ ತುಂಡು ವಾಕ್ಯ ನೋಡಿ. ವೈಲ್ ಇಶ್ ನಾಖ್ ಹೌಸೆ ಗೇಯೆನ್ ಮುಸ್. ವೈಲ್, ಯಾಕೆಂದರೆ. ಇಶ್, ನಾನು. ನಾಖ್ ಹೌಸೆ, ಮನೆಗೆ. ಗೇಯೆನ್, ಹೋಗ. ಮುಸ್, ಬೇಕು. "ಯಾಕೆಂದರೆ ನಾನು ಮನೆಗೆ ಹೋಗಬೇಕು." ಪದಕ್ಕೆ ಪದ ಕೂತಿದೆ. ಈ ರಚನೆಗೆ ಇಂಗ್ಲಿಷ್ ಬಲ್ಲವರು ತಿಂಗಳುಗಟ್ಟಲೆ ಬೆವರು ಸುರಿಸುತ್ತಾರೆ. ಕನ್ನಡಿಗರು ಇಲ್ಲಿ ಕಷ್ಟಪಡುವುದನ್ನು ನೋಡಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ತಮ್ಮ ಮನೆಯಲ್ಲೇ ಇರುವ ವಸ್ತುವನ್ನು ಪಕ್ಕದ ಮನೆಯಲ್ಲಿ ಹುಡುಕುತ್ತಿರುತ್ತಾರೆ.

ಹೋಗಿ ಬಂದ ಮೇಲೆ ಹೇಳುವುದಕ್ಕೂ ಹೀಗೇ. ಇಶ್ ಬಿನ್ ನಾಖ್ ಟ್ಯುಬಿಂಗೆನ್ ಗೆಫಾರೆನ್, ನಾನು ಟ್ಯುಬಿಂಗೆನ್ ಅನ್ನುವ ಊರಿಗೆ ಹೋಗಿದ್ದೇನೆ. ಹಿಂದೆ ನಡೆದದ್ದನ್ನು ಹೇಳುವಾಗ ಉಳಿದ ಬಹುಪಾಲು ಕ್ರಿಯಾಪದಗಳ ಜೊತೆ ಹಾಬೆ (ನನ್ನ ಬಳಿ ಇದೆ) ಬರುತ್ತದೆ, ಹೋಗುವ, ಬರುವ, ಹಾರುವ ಕ್ರಿಯೆಗಳ ಜೊತೆ ಬಿನ್. ಬಿನ್ ಅಂದರೆ ಇದ್ದೇನೆ. "ಹೋಗಿದ್ದೇನೆ" ಅನ್ನುವುದನ್ನು ಬಿಡಿಸಿದರೆ ಹೋಗಿ, ಇದ್ದೇನೆ. ನೆನಪಿಟ್ಟುಕೊಳ್ಳಲು ಇಷ್ಟು ಸಾಕು.

ಟ್ಯುಬಿಂಗೆನ್ ಹೆಸರು ಬಂತು, ಹೇಳಿಬಿಡುತ್ತೇನೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ತೀರಿಕೊಂಡಿದ್ದು ಅದೇ ಊರಿನಲ್ಲಿ, 1903ರಲ್ಲಿ. 1843ರಲ್ಲಿ ಮಂಗಳೂರಿನಿಂದ ಮೊದಲ ಕನ್ನಡ ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಅಲ್ಲೇ. ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕವರು ಒಂದು ಶನಿವಾರ ಹೋಗಿ ಬನ್ನಿ. ಸ್ಥಳೀಯ ರೈಲಿನಲ್ಲಿ ಸುಮಾರು ಒಂದು ಗಂಟೆ. ಇಬ್ಬರೂ ಜರ್ಮನ್ ಮನೆಮಾತಿನಿಂದ ಬಂದು ನಮ್ಮ ಭಾಷೆಗೆ ದುಡಿದವರು.

ಆ ಪ್ರಯಾಣಕ್ಕೆ ಡಾಯ್ಚ್‌ಲಾಂಟ್‌ಟಿಕೆಟ್ ಇದ್ದರೆ ಸಾಕು. 2023ರ ಮೇ 1ರಂದು ತಿಂಗಳಿಗೆ 49 ಯೂರೋ ದರದಲ್ಲಿ ಶುರುವಾದ ಪಾಸ್ ಅದು. 2025ರಲ್ಲಿ 58 ಯೂರೋ ಆಯಿತು, 2026ರಿಂದ 63. ದೇಶದ ಎಲ್ಲ ಊರಿನ ಬಸ್ಸು, ಟ್ರಾಮ್, ಮೆಟ್ರೋ, ಸ್ಥಳೀಯ ರೈಲುಗಳಲ್ಲಿ ನಡೆಯುತ್ತದೆ. ದೂರದ ವೇಗದ ರೈಲು ಐಸಿಇ, ಐಸಿಗಳಲ್ಲಿ ನಡೆಯುವುದಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ಕಟ್ಟಬೇಕು. ಗೊತ್ತಿರಲಿಲ್ಲ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಸ್ಟೇಷನ್ನಿನಲ್ಲಿ ಕಿವಿಗೆ ಬೀಳುವ ಪದಗಳನ್ನು ಬೇಗ ಹೇಳಿಬಿಡುತ್ತೇನೆ. ಐನ್‌ಶ್ಟೈಗೆನ್ ಹತ್ತುವುದು, ಔಸ್‌ಶ್ಟೈಗೆನ್ ಇಳಿಯುವುದು, ಉಮ್‌ಶ್ಟೈಗೆನ್ ಇಳಿದು ಬೇರೆ ಗಾಡಿ ಹತ್ತುವುದು. ಗ್ಲೈಸ್ ಅಂದರೆ ಹಳಿ, ಪ್ಲಾಟ್‌ಫಾರ್ಮ್ ನಂಬರು ಹೇಳಲು ಬಳಸುತ್ತಾರೆ. ಫೆರ್‌ಶ್ಪೇಟುಂಗ್ ಅಂದರೆ ತಡ. ಫೆಲ್ಟ್ ಔಸ್ ಅಂದರೆ ಆ ರೈಲು ಇವತ್ತು ಇಲ್ಲ. ಜರ್ಮನ್ ರೈಲು ಗಡಿಯಾರದ ಮುಳ್ಳಿನಂತೆ ಓಡುತ್ತದೆ ಅನ್ನುವ ನಂಬಿಕೆ ಇಟ್ಟುಕೊಂಡು ಹೋಗಬೇಡಿ, ಈ ಎರಡು ಪದ ನಿಮಗೆ ಬೇಗ ಪರಿಚಯವಾಗುತ್ತವೆ. ಕೆಲವು ರೈಲುಗಳು ನಡುದಾರಿಯಲ್ಲಿ ಎರಡಾಗಿ, ಮುಂದಿನ ಭಾಗ ಒಂದು ಊರಿಗೆ, ಹಿಂದಿನ ಭಾಗ ಇನ್ನೊಂದು ಊರಿಗೆ ಹೋಗುತ್ತವೆ. ಹತ್ತುವ ಮುಂಚೆ ಡಬ್ಬಿಯ ಮೇಲಿನ ಫಲಕ ಓದಿ. ಅನುಮಾನ ಬಂದರೆ ಪಕ್ಕದವರನ್ನು ಕೇಳಿ. ಫೇರ್ಟ್ ಡೀಸರ್ ತ್ಸೂಕ್ ನಾಖ್ ಟ್ಯುಬಿಂಗೆನ್? ಈ ರೈಲು ಟ್ಯುಬಿಂಗೆನ್‌ಗೆ ಹೋಗುತ್ತದಾ?

ಹೊತ್ತಿನ ವಿಷಯದಲ್ಲಿ ಮಾತ್ರ ಹುಷಾರು. ಹಾಲ್ಪ್ ಡ್ರೈ ಅಂದರೆ ಎರಡೂವರೆ, ಮೂರೂವರೆ ಅಲ್ಲ. ಡ್ರೈ ಅಂದರೆ ಮೂರು, ಹಾಲ್ಪ್ ಅಂದರೆ ಅರ್ಧ. ಮೂರಕ್ಕೆ ಇನ್ನೂ ಅರ್ಧ ಗಂಟೆ ಇದೆ ಅನ್ನುವುದು ಅವರ ಲೆಕ್ಕ. ಮೂರರ ಮೇಲೆ ಅರ್ಧ ಅಂದುಕೊಂಡರೆ ಒಂದು ಗಂಟೆ ತಡವಾಗಿ ಹೋಗುತ್ತೀರಿ.

ಕೊನೆಯದಾಗಿ ಹೊರಡುವ ಮಾತು. ನಾವು ಮನೆ ಬಿಡುವಾಗ "ಹೋಗ್ತೀನಿ" ಅನ್ನುವುದಿಲ್ಲ, "ಹೋಗಿ ಬರ್ತೀನಿ" ಅನ್ನುತ್ತೇವೆ. ಅಲ್ಲಿ ಆ ಹಿಂಜರಿಕೆ ಇಲ್ಲ. ಇಶ್ ಗೇಯೆ ಯೆಟ್ಸ್ಟ್, ಈಗ ಹೋಗ್ತೀನಿ ಅನ್ನುವುದು ಸಾದಾ ಮಾತು. ಅದಕ್ಕಿಂತ ಜಾಸ್ತಿ ಕೇಳುವುದು ಇಶ್ ಮುಸ್ ಲೋಸ್, ಹೊರಡಬೇಕು. ಇಲ್ಲಿ ಹೋಗು ಅನ್ನುವ ಕ್ರಿಯಾಪದವೇ ಇಲ್ಲ, ಗಮನಿಸಿ. ಇಶ್ ಮುಸ್ ತ್ಸುಮ್ ಆರ್ತ್ಸ್ಟ್, ಇಶ್ ಮುಸ್ ನಾಖ್ ಹೌಸೆ ಅನ್ನುವಲ್ಲೂ ಇಲ್ಲ. ಬೇಕು ಅಂತ ಹೇಳಿ, ಎಲ್ಲಿಗೆ ಅಂತ ಹೇಳಿದರೆ ಮುಗಿಯಿತು. ಹೊಸಬರಿಗೆ ಇದಕ್ಕಿಂತ ಸುಲಭದ ವಾಕ್ಯ ಇಲ್ಲ. ಐದು ನಿಮಿಷಕ್ಕೆ ಹೊರಗೆ ಹೋಗುವುದಾದರೆ ಇಶ್ ಕೊಮ್ಮೆ ಗ್ಲೈಶ್ ವೀಡರ್, ಈಗ ಬಂದೆ. ಹೊರಟವರಿಗೆ ನೀವು ಹೇಳುವುದು ಕೊಮ್ ಗೂಟ್ ನಾಖ್ ಹೌಸೆ, ಹುಷಾರಾಗಿ ಮನೆ ಸೇರು.

ನಮ್ಮೂರಲ್ಲಿ ಎದುರು ಮನೆಯವರು ಕಂಡರೆ "ಎಲ್ಲಿಗೆ ಹೊರಟ್ರಿ?" ಅಂತ ಕೇಳುವುದು ಪ್ರೀತಿ. ಅಲ್ಲಿ ಪಕ್ಕದ ಮನೆಯವರನ್ನು ವೋಹಿನ್ ಗೇಯೆನ್ ಜ಼ೀ ಅಂತ ಕೇಳಿದರೆ ವಿಚಾರಣೆ ಮಾಡಿದ ಹಾಗೆ ಆಗುತ್ತದೆ. ಹಲೋ ಅಂದು, ಶೋನೆನ್ ಟಾಕ್ ನೋಖ್, ಉಳಿದ ದಿನ ಚೆನ್ನಾಗಿರಲಿ ಅನ್ನಿ. ಪ್ರೀತಿ ಅದರಲ್ಲೂ ತಲುಪುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಡೇರ್, ಡೀ ತಪ್ಪಾದರೆ ಅವರಿಗೆ ಅರ್ಥವಾಗುತ್ತದಾ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದರು. ಬಹುತೇಕ ಅರ್ಥವಾಗುತ್ತದೆ, ಧೈರ್ಯವಾಗಿ ಮಾತಾಡಿ. ಆದರೆ ಕೆಲವು ಕಡೆ ಅರ್ಥವೇ ಬದಲಾಗುತ್ತದೆ. ಲೌಫೆನ್ ಅಂದರೆ ನಡೆಯುವುದು ಅಥವಾ ಓಡುವುದು. ಇಶ್ ಲೌಫೆ ಇಮ್ ಪಾರ್ಕ್ ಅಂದರೆ ಪಾರ್ಕ್ ಒಳಗೇ ಸುತ್ತು ಹಾಕುತ್ತೇನೆ. ಇಶ್ ಲೌಫೆ ಇನ್ ಡೇನ್ ಪಾರ್ಕ್ ಅಂದರೆ ಹೊರಗಿನಿಂದ ಪಾರ್ಕ್‌ಗೆ ನಡೆದು ಹೋಗುತ್ತೇನೆ. ಇಂಥ ಕಡೆ "ಅಲ್ಲಿ", "ಗೆ" ನೆನಪಿಸಿಕೊಳ್ಳಿ.

ಮಗಳ ಬಾಣಂತನಕ್ಕೆ ಹೊರಟ ಒಬ್ಬ ತಾಯಿ, "ನನಗೆ ಇಷ್ಟೆಲ್ಲಾ ಆಗಲ್ಲಪ್ಪ, ಎರಡು ವಾಕ್ಯ ಹೇಳಿಕೊಡು, ದಾರಿ ತಪ್ಪಿದರೆ ಸಾಕಾಗಬೇಕು" ಅಂದರು. ಅಮ್ಮ, ಮೊದಲನೆಯದು ಎಂಟ್‌ಶುಲ್ಡಿಗುಂಗ್, ಇಶ್ ಮುಸ್ ತ್ಸು ಮೈನರ್ ಟೋಖ್ಟರ್. ಕ್ಷಮಿಸಿ, ನಾನು ಮಗಳ ಹತ್ತಿರ ಹೋಗಬೇಕು. ಎರಡನೆಯದು ವೀ ಕೊಮ್ಮೆ ಇಶ್ ಡಾಹಿನ್? ಅಲ್ಲಿಗೆ ಹೇಗೆ ಹೋಗುವುದು? ಮಗಳ ಮನೆಯ ರಸ್ತೆ, ಮನೆ ನಂಬರು, ಹತ್ತಿರದ ಬಸ್ ಸ್ಟಾಪಿನ ಹೆಸರು, ಮಗಳ ಫೋನ್ ನಂಬರು ಇಷ್ಟನ್ನೂ ಒಂದು ಚೀಟಿಯಲ್ಲಿ ದೊಡ್ಡದಾಗಿ ಜರ್ಮನ್ ಅಕ್ಷರದಲ್ಲಿ ಬರೆಸಿಕೊಂಡು ಪರ್ಸಿನಲ್ಲಿಡಿ. ಎರಡನೇ ವಾಕ್ಯ ಹೇಳುವಾಗ ಚೀಟಿ ತೋರಿಸಿ. ಲಿಂಕ್ಸ್ ಅಂದರೆ ಎಡಕ್ಕೆ, ರೆಶ್ಟ್ಸ್ ಅಂದರೆ ಬಲಕ್ಕೆ, ಗೆರಾಡೆಔಸ್ ಅಂದರೆ ನೇರಕ್ಕೆ. ಅವರು ಬೇಗ ಬೇಗ ಹೇಳಿದರೆ ಲಾಂಗ್‌ಸಾಮ್ ಬಿಟ್ಟೆ, ನಿಧಾನ ಅನ್ನಿ. ಹೇಳುವಾಗ ಅವರ ಕೈ ಯಾವ ಕಡೆ ತಿರುಗುತ್ತದೆ ಅಂತಲೂ ನೋಡಿಕೊಳ್ಳಿ.